ಪೇರ್ ಲಾಷೇಸ್ ಸ್ಮಶಾನದ ಹಳೆಯ ಚಿತ್ರಕಾರ್ಡಿನ ಕಾಲವನ್ನು ಗುರುತಿಸುವ ಬಗೆ

ಪ್ಯಾರಿಸ್ಸಿನ ಈ ಸ್ಮಶಾನದ ಹಳೆಯ ಚಿತ್ರಕಾರ್ಡು ಕೈಗೆ ಬಂದರೆ ಮೊದಲು ಅದರ ಹಿಂಬದಿಯನ್ನು ನೋಡಬೇಕು. ಫ್ರಾನ್ಸಿನಲ್ಲಿ ಹಿಂಬದಿಯನ್ನು ಗೆರೆ ಎಳೆದು ಎರಡು ಭಾಗ ಮಾಡುವ ಪದ್ಧತಿ 1904ರ ಸುಮಾರಿಗೆ ಬಂದಿತು. ಅದಕ್ಕೂ ಮೊದಲು ಆ ಬದಿ ವಿಳಾಸಕ್ಕಷ್ಟೇ ಮೀಸಲಾಗಿದ್ದುದರಿಂದ, ಜನರು ಸಮಾಧಿಗಳ ಚಿತ್ರದ ಅಂಚಿನಲ್ಲೇ ಸಣ್ಣ ಅಕ್ಷರಗಳಲ್ಲಿ ಕ್ಷೇಮಸಮಾಚಾರ ಬರೆಯುತ್ತಿದ್ದರು. ಅಂಥ ಗೆರೆಯಿಲ್ಲದ ಕಾರ್ಡಿನಲ್ಲಿ ಬಾರ್ತೊಲೊಮೆ ಕೆತ್ತಿದ ಮೃತರ ಸ್ಮಾರಕ, ಅಂದರೆ ಗಂಡಿನ ಹೆಗಲ ಮೇಲೆ ಕೈಯಿಟ್ಟ ಹೆಣ್ಣು ಅವನೊಡನೆ ಕತ್ತಲ ಬಾಗಿಲನ್ನು ಹೊಗುವ ಆ ಮನಕಲಕುವ ಶಿಲ್ಪ, ಕಾಣಿಸಿದರೆ, ಅದು 1899ರಲ್ಲಿ ಅನಾವರಣಗೊಂಡದ್ದಾದ್ದರಿಂದ, ಕಾರ್ಡು ಬಹುಮಟ್ಟಿಗೆ ಆ ಐದಾರು ವರ್ಷಗಳ ನಡುವಿನದು. ಅಂಚೆಮುದ್ರೆ ಕಳುಹಿಸಿದ ದಿನವನ್ನಷ್ಟೇ ಹೇಳುತ್ತದೆ, ಚಿತ್ರ ತೆಗೆದ ದಿನವನ್ನಲ್ಲ. ಅಂಚಿನ ಬರಹವನ್ನು ಭೂತಗನ್ನಡಿಯಲ್ಲಿ ಓದಿ, ಬೇರೆ ಕಾಗದದಲ್ಲಿ ನಕಲಿಸಿಕೊಳ್ಳಿ. ಕಾರ್ಡಿಗೆ ಅಂಟುಪಟ್ಟಿ ಹಚ್ಚಲೇಬೇಡಿ.