ಈರುಳ್ಳಿ ಬೀಜದ ಬೆಳೆಗೆ ಯಾವ ಸಾರಜನಕ? ನಾನು ಹಾಕುವ ಲೆಕ್ಕ

ನಮ್ಮದು ಶಿಕಾರಿಪುರ ಸೀಮೆಯ ಅರೆಮಲೆನಾಡು. ಮಳೆಗಾಲದ ಮೆಕ್ಕೆಜೋಳ ಮುಗಿದ ಮೇಲೆ ಬೋರ್‌ವೆಲ್ ನೀರಲ್ಲಿ ಒಂದೆಕರೆ ಈರುಳ್ಳಿ ಬೀಜ ಬೆಳೆಯುತ್ತೇನೆ. ಚಿತ್ರದುರ್ಗದ ಕಡೆಯಿಂದ ತಂದ ಗಡ್ಡೆಯನ್ನು ನವೆಂಬರ್‌ನಲ್ಲಿ ಊರಿದರೆ ಬೇಸಿಗೆ ಹೊತ್ತಿಗೆ ಬೀಜ ಕೈಗೆ ಬರುತ್ತದೆ.

ಗೊಬ್ಬರದಂಗಡಿಯಲ್ಲಿ ಸಾರಜನಕ ಕೇಳಿದರೆ ಯೂರಿಯಾ ಚೀಲವನ್ನೇ ಎಳೆದು ಹಾಕುತ್ತಾರೆ. ತಪ್ಪಲ್ಲ. 45 ಕೆ.ಜಿ. ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಅದರಲ್ಲಿ ಶೇ. 46 ಸಾರಜನಕ. ದುಡ್ಡಿನ ಲೆಕ್ಕದಲ್ಲಿ ಬೇರೆ ಯಾವುದೂ ಇದರ ಹತ್ತಿರ ಸುಳಿಯುವುದಿಲ್ಲ. ಆದರೆ ಈರುಳ್ಳಿ ಗಂಧಕ ಬೇಡುವ ಬೆಳೆ, ಯೂರಿಯಾದಲ್ಲಿ ಗಂಧಕ ಇಲ್ಲ.

ಅಮೋನಿಯಂ ಸಲ್ಫೇಟ್‌ನಲ್ಲಿ ಇದೆ: ಶೇ. 20.5 ಸಾರಜನಕ, ಶೇ. 23 ಗಂಧಕ. ಹಾಗಂತ ಪೂರ್ತಿ ಅದನ್ನೇ ಹಾಕೋಣವೆಂದರೆ ನಮ್ಮ ಕೆಂಪು ಮಣ್ಣು ಮೊದಲೇ ಹುಳಿ. ಅಷ್ಟೇ ಸಾರಜನಕ ಕೊಟ್ಟರೂ ಅಮೋನಿಯಂ ಸಲ್ಫೇಟ್ ಮಣ್ಣನ್ನು ಯೂರಿಯಾಗಿಂತ ಸುಮಾರು ಮೂರು ಪಟ್ಟು ಹುಳಿ ಮಾಡುತ್ತದೆ. ಬಳ್ಳಾರಿ ಕಡೆಯ ಕಪ್ಪು ನೆಲದವರಿಗೆ ಈ ತಲೆನೋವಿಲ್ಲ, ಅವರ ಮಾತು ಕೇಳಿ ನಾವು ಹಾಕುವಂತಿಲ್ಲ.

ಹಾಗಾಗಿ ನಾನು ಎರಡನ್ನೂ ಹಂಚಿಕೊಂಡಿದ್ದೇನೆ. ಎಕರೆಗೆ ಸುಮಾರು 50 ಕೆ.ಜಿ. ಸಾರಜನಕ ನನ್ನ ಗುರಿ. ಗಡ್ಡೆ ಊರುವಾಗ 50 ಕೆ.ಜಿ.ಯ ಒಂದು ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಅಷ್ಟೇ ತೂಕದ ಒಂದು ಚೀಲ ಅಮೋನಿಯಂ ಸಲ್ಫೇಟ್, ಜೊತೆಗೆ ಪೊಟ್ಯಾಷ್. ಇಲ್ಲಿಗೆ 19 ಕೆ.ಜಿ. ಆಯಿತು, ಗಂಧಕವೂ ಹನ್ನೊಂದು ಕೆ.ಜಿ. ದಾಟಿತು. ಉಳಿದದ್ದರಲ್ಲಿ ಬಹುಪಾಲಿಗೆ ಒಂದೂಕಾಲು ಚೀಲ ಯೂರಿಯಾ, ಎರಡು ಕಂತು: ಎಲೆ ಚೆನ್ನಾಗಿ ಬಂದಾಗ ಒಮ್ಮೆ, ಹೂದಂಟು ಇಣುಕುವ ಮೊದಲು ಇನ್ನೊಮ್ಮೆ. ಸಾಲಿನ ಪಕ್ಕ ಗೀರು ಎಳೆದು ಹಾಕಿ ಮಣ್ಣು ಮುಚ್ಚಿಸುತ್ತೇನೆ. ಮೇಲೇ ಬಿದ್ದಿದ್ದರೆ ಅಮೋನಿಯಾ ಆಗಿ ಹಾರಿಹೋಗುತ್ತದೆ, ಹುಳಿ ತಗ್ಗಿಸಲು ಸುಣ್ಣ ಕೊಟ್ಟ ಹೊಲದಲ್ಲಂತೂ ಇನ್ನೂ ಬೇಗ.

ಸುಣ್ಣ ಹಾಕುವುದು ಮಣ್ಣು ಪರೀಕ್ಷೆ ಹೇಳಿದಷ್ಟು, ಗಡ್ಡೆ ಊರುವ ಕೆಲವು ವಾರ ಮೊದಲೇ. ಅಮೋನಿಯಂ ಸಲ್ಫೇಟ್ ಜೊತೆ ಬೆರೆಸಲೇಬಾರದು. ಎರಡನ್ನೂ ಒಂದು ಚಿಟಿಕೆ ತೆಗೆದು ಒದ್ದೆ ಮಾಡಿ ನೋಡಿ, ಮೂಗಿಗೆ ಸುರ್ರೆಂದು ಏರುತ್ತದೆ. ಆ ಘಾಟೇ ನೀವು ದುಡ್ಡು ಕೊಟ್ಟು ತಂದ ಸಾರಜನಕ.

ಹೂವು ಅರಳಲು ಶುರುವಾದ ಮೇಲೆ ಒಂದು ಹರಳು ಯೂರಿಯಾವೂ ಇಲ್ಲ. ಎಲೆ ಕಡುಹಸಿರಾದರೆ ನೋಡುವವರಿಗೆ ಚಂದ, ಆದರೆ ದಂಟು ಮೆದುವಾಗಿ ಗಾಳಿಗೆ ಮಲಗುತ್ತದೆ, ಬೀಜ ಬಲಿಯುವುದು ತಡವಾಗುತ್ತದೆ. ಬೆಳಗಿನ ಇಬ್ಬನಿ ನಮ್ಮಲ್ಲಿ ಬೇಗ ಆರುವುದಿಲ್ಲ, ಅಂಥ ಸೊಕ್ಕಿದ ಬೆಳೆಗೆ ನೇರಳೆ ಮಚ್ಚೆ ರೋಗ ಬಂದರೆ ದಂಟು ನಡುವೆಯೇ ಮುರಿಯುತ್ತದೆ.

ದಂಟು ಏಳುವಾಗ ಡ್ರಿಪ್‌ನಲ್ಲಿ 25 ಕೆ.ಜಿ. ಕ್ಯಾಲ್ಸಿಯಂ ನೈಟ್ರೇಟ್ ಸ್ವಲ್ಪ ಸ್ವಲ್ಪವಾಗಿ ಬಿಡುತ್ತೇನೆ. ಅದರಲ್ಲಿ ಸಾರಜನಕ ಶೇ. 15.5 ಮಾತ್ರ, ಬೆಲೆ ಜಾಸ್ತಿ, ಆದರೆ ಮಣ್ಣು ಹುಳಿಯಾಗುವುದಿಲ್ಲ, ಕ್ಯಾಲ್ಸಿಯಂ ಲಾಭ. ಸಲ್ಫೇಟ್ ಇರುವ ಯಾವ ಗೊಬ್ಬರವನ್ನೂ ಅದೇ ಡ್ರಮ್ಮಿಗೆ ಸುರಿಯಬೇಡಿ, ಜಿಪ್ಸಂ ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತದೆ. ಡ್ರಿಪ್ ಇಲ್ಲದವರು ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ, ಎರಡನೇ ಕಂತಿನ ಯೂರಿಯಾಕ್ಕೆ ಎಂಟು ಕೆ.ಜಿ. ಸೇರಿಸಿದರೆ ಸಾಕು.