ಧಾರವಾಡದ ಪದವಿಗೆ ಮುಂಬಯಿಯಲ್ಲಿ ಅಪಾಸ್ಟಿಲ್
ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಪದವಿ ಪ್ರಮಾಣಪತ್ರದ ಮೇಲೆ ಅಪಾಸ್ಟಿಲ್ (ಕಾಗದ ಅಸಲಿ ಎಂದು ವಿದೇಶದಲ್ಲಿ ಒಪ್ಪಿಕೊಳ್ಳುವ ಸರ್ಕಾರಿ ದೃಢೀಕರಣ) ಕೇಳಿದ್ದರು. ನಾನಿರುವುದು ಮುಂಬಯಿ ಬಳಿಯ ಡೊಂಬಿವಲಿ, ಪದವಿ ಧಾರವಾಡದ್ದು. ಅರ್ಜಿ ಮೂರು ಸಲ ವಾಪಸಾಯಿತು.

ಇನ್‌ಸ್ಟಾಗ್ರಾಮ್ ವಿಡಿಯೊ ನಂಬಿ ಹಾಕಿಸಿದ ನೋಟರಿ ಮೊಹರು ನಡೆಯಲಿಲ್ಲ. ಮಹಾರಾಷ್ಟ್ರದ ದೃಢೀಕರಣಕ್ಕೆ ಅಲೆದದ್ದೂ ದಂಡ. (ವಿಡಿಯೊದವರಿಗೆ ಎಲ್ಲವೂ ಅರ್ಧ ನಿಮಿಷದ ಕೆಲಸ!)

ಫೇಸ್‌ಬುಕ್ ಗುಂಪಿನಲ್ಲಿ ಹುಬ್ಬಳ್ಳಿಯ ಶಿಕ್ಷಕಿಯೊಬ್ಬರು ತಪ್ಪನ್ನು ಹಿಡಿದರು: ನೋಡುವುದು ವಾಸದ ಊರನ್ನಲ್ಲ, ಪ್ರಮಾಣಪತ್ರ ಕೊಟ್ಟ ರಾಜ್ಯವನ್ನು. ಹಾಗಾಗಿ ಮೊದಲು ಬೆಂಗಳೂರಿನಲ್ಲಿ ಮೂಲ ಪ್ರತಿಗೇ ಕರ್ನಾಟಕ ಸರ್ಕಾರದ ದೃಢೀಕರಣ ಮಾಡಿಸಿದೆ, ಜೆರಾಕ್ಸ್ ಸಾಲದು. ಅದಾದ ಮೇಲೆಯೇ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್. ಸಚಿವಾಲಯ ಕಾಗದಗಳನ್ನು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಅದು ನೇಮಿಸಿದ ಏಜೆನ್ಸಿಗೇ ಕೊಡಬೇಕು. ಈ ಎರಡನೆಯ ಹಂತ ಮುಂಬಯಿಯಲ್ಲೇ ಆಗುತ್ತದೆ, ಮತ್ತೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ವೀಸಾ ಅರ್ಜಿಯನ್ನು ಇದರ ನಂತರವೇ ತುಂಬಿ.