ಒಂದೇ ಹುಡುಕು ಪೆಟ್ಟಿಗೆಯಿಂದ ಹಲವು ಹುಡುಕಾಟ ಪ್ರೋಗ್ರಾಂಗಳಿಗೆ

ಪುಟದಲ್ಲಿ ಹುಡುಕು ಪೆಟ್ಟಿಗೆ ಒಂದೇ ಇರಬೇಕು, ಆದರೆ ಅದರಲ್ಲಿ ಟೈಪ್ ಮಾಡಿದ ಪದ ಬಳಕೆದಾರರ ಆಯ್ಕೆಗೆ ತಕ್ಕಂತೆ ಪುಸ್ತಕಗಳನ್ನು ಹುಡುಕುವ ಪ್ರೋಗ್ರಾಂಗೋ, ಲೇಖನಗಳನ್ನು ಹುಡುಕುವ ಪ್ರೋಗ್ರಾಂಗೋ, ಚಿತ್ರಗಳನ್ನು ಹುಡುಕುವ ಪ್ರೋಗ್ರಾಂಗೋ ತಲುಪಬೇಕು ಎಂಬ ಅಗತ್ಯ ಅನೇಕ ಜಾಲತಾಣಗಳಲ್ಲಿ ಎದುರಾಗುತ್ತದೆ. ಪೆಟ್ಟಿಗೆ ಇರುವ ಫಾರ್ಮಿನ ಆ್ಯಕ್ಷನ್‌ನಲ್ಲಿ (ತುಂಬಿದ್ದು ಎಲ್ಲಿಗೆ ಹೋಗಬೇಕೆಂದು ಹೇಳುವ ಜಾಗದಲ್ಲಿ) ಕೊಡಬಹುದಾದದ್ದು ಒಂದೇ ವಿಳಾಸವಾದ್ದರಿಂದ, ಪದವನ್ನು ಕವಲೊಡೆಸುವ ಕೆಲಸ ಬ್ರೌಸರಿನಲ್ಲಿ ನಡೆಯಬೇಕೋ ಸರ್ವರಿನಲ್ಲಿ ನಡೆಯಬೇಕೋ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಬೇಕು.

ಬ್ರೌಸರಿನಲ್ಲೇ ಮುಗಿಸುವುದಾದರೆ, ಪ್ರತಿ ಪ್ರೋಗ್ರಾಂಗೆ ಒಂದೊಂದು ಸಬ್ಮಿಟ್ ಬಟನ್ ಇಟ್ಟು, ಪ್ರತಿಯೊಂದಕ್ಕೂ ಎಚ್‌ಟಿಎಮ್‌ಎಲ್ 5ರ ಫಾರ್ಮ್‌ಆ್ಯಕ್ಷನ್ (formaction) ಎಂಬ ಗುಣಲಕ್ಷಣದ ಮೂಲಕ ಅದರದೇ ವಿಳಾಸವನ್ನು ಕೊಟ್ಟರೆ ಸಾಕು. ಬಳಕೆದಾರರು ಬಟನ್ ಒತ್ತದೆ ಎಂಟರ್ ಕೀ ಒತ್ತಿದಾಗ ಬ್ರೌಸರ್ ಫಾರ್ಮಿನ ಮೊದಲ ಸಬ್ಮಿಟ್ ಬಟನ್ನನ್ನೇ ಆರಿಸಿಕೊಳ್ಳುವುದರಿಂದ, ಹೆಚ್ಚು ಬಳಕೆಯಾಗುವ ಹುಡುಕಾಟವನ್ನು ಮೊದಲಿಗೆ ಇಡಿ. ಆದರೆ ಎಲ್ಲ ಪ್ರೋಗ್ರಾಂಗಳೂ ಹುಡುಕು ಪದವನ್ನು ಒಂದೇ ಹೆಸರಿನ ಫೀಲ್ಡಿನಲ್ಲಿ ನಿರೀಕ್ಷಿಸಿದರೆ ಮಾತ್ರ ಈ ದಾರಿ ಸಾಗುತ್ತದೆ. ಒಂದು ಪ್ರೋಗ್ರಾಂ 'ಕ್ಯೂ' ಎಂಬ ಹೆಸರನ್ನೂ ಇನ್ನೊಂದು 'ಕ್ವೆರಿ' ಎಂಬ ಹೆಸರನ್ನೂ ಕೇಳುವಂತಿದ್ದರೆ ಇದು ಕೈಕೊಡುತ್ತದೆ.

ಆಗ ಸರ್ವರಿನಲ್ಲಿ ಒಂದು ಚಿಕ್ಕ ಮಧ್ಯವರ್ತಿ ಪ್ರೋಗ್ರಾಂ ಬೇಕಾಗುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಬಹುಪಾಲು ಸಂದರ್ಭಗಳಿಗೆ ಇದೇ ಸರಿಯಾದ ದಾರಿ. ಫಾರ್ಮ್ ಇದಕ್ಕೆ ಎರಡೇ ಸಂಗತಿಗಳನ್ನು ಕಳುಹಿಸುತ್ತದೆ: ಹುಡುಕು ಪದ ಮತ್ತು ಡ್ರಾಪ್‌ಡೌನ್‌ನಿಂದ ಬಂದ 'ಪುಸ್ತಕ', 'ಲೇಖನ' ಎಂಬಂಥ ಒಂದು ಗುರುತು. ಆ ಗುರುತಿಗೆ ಯಾವ ವಿಳಾಸ, ಯಾವ ಫೀಲ್ಡ್ ಹೆಸರು ಎಂಬ ಕೋಷ್ಟಕ ಮಧ್ಯವರ್ತಿಯೊಳಗೇ ಇರಬೇಕು. ಡ್ರಾಪ್‌ಡೌನ್‌ನ ವ್ಯಾಲ್ಯೂ ಆಗಿ ಪೂರ್ಣ ವಿಳಾಸವನ್ನೇ ಬರೆದುಬಿಡುವ ಅಭ್ಯಾಸವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದನ್ನು ದಯವಿಟ್ಟು ಮಾಡಬೇಡಿ. ಫಾರ್ಮಿನಿಂದ ಬರುವ ಯಾವ ಮೌಲ್ಯವನ್ನಾದರೂ ಯಾರಾದರೂ ಬದಲಿಸಿ ಕಳುಹಿಸಬಹುದಾದ್ದರಿಂದ, ನಿಮ್ಮ ತಾಣದ ಹೆಸರಿನ ಕೊಂಡಿಯೊಂದು ಓದುಗರನ್ನು ವಂಚಕರ ಪುಟಕ್ಕೆ ಕರೆದೊಯ್ಯುವ ಸಾಧನವಾಗಿಬಿಡುತ್ತದೆ. ಕೋಷ್ಟಕದಲ್ಲಿ ಇಲ್ಲದ ಗುರುತು ಬಂದರೆ 400 ಎಂಬ ದೋಷ ಸಂಕೇತವನ್ನು ಕೊಟ್ಟು ಅಲ್ಲಿಗೇ ನಿಲ್ಲಿಸಿ.

ಗುರುತು ಸರಿಯಿದ್ದರೆ ಮಧ್ಯವರ್ತಿ ಹೊಸ ವಿಳಾಸವನ್ನು ಕಟ್ಟಿ ಬ್ರೌಸರನ್ನು ಅಲ್ಲಿಗೆ ರೀಡೈರೆಕ್ಟ್ ಮಾಡುತ್ತದೆ. ಫಾರ್ಮ್ ಪೋಸ್ಟ್ ವಿಧಾನದಲ್ಲಿ (ಮೌಲ್ಯಗಳು ವಿಳಾಸದಲ್ಲಿ ಕಾಣದೆ ಕೋರಿಕೆಯ ಒಳಗೆ ಹೋಗುವಂತೆ) ಬಂದಿದ್ದರೂ ಫಲಿತಾಂಶದ ಪುಟ ಗೆಟ್ ವಿಧಾನದಲ್ಲೇ (ಮೌಲ್ಯಗಳು ವಿಳಾಸದಲ್ಲೇ ಸೇರುವಂತೆ) ತೆರೆಯಲಿ ಎಂದಾದರೆ 303 ಸಂಕೇತವನ್ನು ಬಳಸಿ; 307 ಬಳಸಿದರೆ ಬ್ರೌಸರ್ ಪೋಸ್ಟ್ ಅನ್ನೂ ಅದರ ದತ್ತಾಂಶವನ್ನೂ ಹಾಗೆಯೇ ಮುಂದಕ್ಕೆ ಒಯ್ಯುತ್ತದೆ. ಗೆಟ್ ಫಾರ್ಮಿನಲ್ಲಿ ಇನ್ನೊಂದು ಎಚ್ಚರ ಬೇಕು: ಆ್ಯಕ್ಷನ್ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ನೀವು ಬರೆದಿಟ್ಟದ್ದನ್ನೆಲ್ಲ ಬ್ರೌಸರ್ ಅಳಿಸಿ ಫಾರ್ಮಿನ ಫೀಲ್ಡುಗಳನ್ನು ಅಲ್ಲಿ ತುಂಬುತ್ತದೆ. ಸ್ಥಿರವಾದ ಮೌಲ್ಯಗಳಿದ್ದರೆ ಅವುಗಳನ್ನು ಪುಟದಲ್ಲಿ ಕಾಣದ ಹಿಡನ್ ಫೀಲ್ಡುಗಳಾಗಿ ಇಡಬೇಕು.

ಹೊಸ ವಿಳಾಸ ಕಟ್ಟುವಾಗಲೇ ಹೆಚ್ಚಿನ ತಪ್ಪುಗಳು ನುಸುಳುತ್ತವೆ. ಮಧ್ಯವರ್ತಿಗೆ ಪದ ಸಿಗುವಾಗ ಅದರ ಎನ್‌ಕೋಡಿಂಗ್ (ಅಕ್ಷರಗಳನ್ನು ವಿಳಾಸದಲ್ಲಿ ಸಾಗಿಸಲು ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬದಲಿಸಿದ ರೂಪ) ಬಿಡಿಸಿಯಾಗಿರುತ್ತದೆ, ಆದ್ದರಿಂದ ಮುಂದಕ್ಕೆ ಕಳುಹಿಸುವ ಮುನ್ನ ಮತ್ತೆ ಎನ್‌ಕೋಡ್ ಮಾಡಬೇಕು. 'ಕನ್ನಡ' ಎಂಬ ಪದವನ್ನೇ ನೋಡಿ: ಒತ್ತಿಗೆ ಬೇಕಾದ ಹಲಂತ ಚಿಹ್ನೆಯೂ ಸೇರಿ ಅದರಲ್ಲಿ ಯೂನಿಕೋಡಿನ 5 ಸಂಕೇತಗಳಿವೆ, ಯುಟಿಎಫ್-8ರಲ್ಲಿ ಅವು 15 ಬೈಟುಗಳು, ವಿಳಾಸದಲ್ಲಿ ಬೈಟಿಗೆ ಮೂರರಂತೆ 45 ಅಕ್ಷರಗಳು. 'ಸಾಫ್ಟ್‌ವೇರ್' ಎಂಬ ಪದವನ್ನು ಕೆಲವರು ನಡುವೆ ಕಣ್ಣಿಗೆ ಕಾಣದ ನಾನ್‌ಜಾಯ್ನರ್ ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕುವುದಿಲ್ಲ. ಹುಡುಕು ಪದದಿಂದಲೂ ಸೂಚಿಯಿಂದಲೂ ಅದನ್ನು ತೆಗೆದು ಹೋಲಿಸದಿದ್ದರೆ ಇರುವ ಲೇಖನವೂ ಸಿಗುವುದಿಲ್ಲ.

ರೀಡೈರೆಕ್ಟ್ ಮಾಡುವ ಬದಲು ಮಧ್ಯವರ್ತಿಯೇ ಹುಡುಕಾಟ ಪ್ರೋಗ್ರಾಂ ಅನ್ನು ಚಲಾಯಿಸುವುದಾದರೆ, ಹುಡುಕು ಪದವನ್ನು ಸೇರಿಸಿ ಶೆಲ್‌ಗೆ (ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂಗೆ) ಕೊಡುವ ಆದೇಶದ ಸಾಲನ್ನು ಎಂದೂ ಕಟ್ಟಬೇಡಿ. ಪ್ರೋಗ್ರಾಂನ ಹೆಸರನ್ನೂ ಪದವನ್ನೂ ಪ್ರತ್ಯೇಕ ಆರ್ಗ್ಯುಮೆಂಟುಗಳಾಗಿ ಕೊಟ್ಟರೆ, ಅರ್ಧವಿರಾಮ ಚಿಹ್ನೆಯ (;) ನಂತರ ಯಾರಾದರೂ ಬರೆದ ಆದೇಶ ನಿಮ್ಮ ಸರ್ವರಿನಲ್ಲಿ ನಡೆಯುವ ಬದಲು ಬರಿಯ ಹುಡುಕು ಪದವಾಗಿಯೇ ಉಳಿಯುತ್ತದೆ.

ಎಲ್ಲ ಮುಗಿದ ಮೇಲೆ 'ಸಿ++' ಎಂದು ಹುಡುಕಿ ನೋಡಿ. ಎನ್‌ಕೋಡಿಂಗ್ ಎಲ್ಲಾದರೂ ತಪ್ಪಿದ್ದರೆ ಎರಡೂ ಪ್ಲಸ್ ಚಿಹ್ನೆಗಳು ಖಾಲಿ ಜಾಗಗಳಾಗಿ ಮಾರ್ಪಟ್ಟು, ಫಲಿತಾಂಶದ ಪುಟದಲ್ಲಿ 'ಸಿ' ಮಾತ್ರ ಕಾಣಿಸುತ್ತದೆ.